ಮೂರು ಮನೆ ತಿರುಗಿದ ಅಂಗಿ

ದೊಡ್ಡ ಕಷ್ಟಗಳಿಗೆ ಒಂದು ಅನುಕೂಲವಿದೆ. ಅವು ಬಂದಾಗ ನಾಲ್ಕು ಜನ ಸೇರುತ್ತಾರೆ, ಸಮಾಧಾನ ಹೇಳುತ್ತಾರೆ, ಒಬ್ಬರಾದರೂ ಒಳಗೆ ಹೋಗಿ ಚಹಾ ಮಾಡಿ ತರುತ್ತಾರೆ. ಸಣ್ಣ ಕಷ್ಟಗಳಿಗೆ ಆ ಭಾಗ್ಯವಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಗೂಟಕ್ಕೆ ಕೈಹಾಕಿ, ಸಿಕ್ಕ ಅಂಗಿಯನ್ನು ಬೆಳಕಿಗೆ ಹಿಡಿದು, ಇದು ಮೊದಲು ಯಾರದಿತ್ತು ಎಂದು ನೆನಪು ಮಾಡಿಕೊಳ್ಳುವುದು ಅಂಥ ಒಂದು ಸಣ್ಣ ಕಷ್ಟ. ಬಳ್ಳಾರಿಯ ಒಂದು ದಿನಪತ್ರಿಕೆಯ ವರದಿಗಾರನಾಗಿ ನಾನು ಊರಿನ ಕಷ್ಟಗಳನ್ನೆಲ್ಲ ಬರೆದಿದ್ದೇನೆ. ನಲ್ಲಿಯಲ್ಲಿ ನೀರು ಬಾರದ್ದು, ಸೀಮೆಎಣ್ಣೆ ಸಾಲು ಬೀದಿ ದಾಟಿದ್ದು, ಯಾವುದನ್ನೂ ಬಿಟ್ಟಿಲ್ಲ. ಈ ಕಷ್ಟವನ್ನು ಮಾತ್ರ ಯಾವ ಪುಟಕ್ಕೆ ಹಾಕಬೇಕೆಂದು ತಿಳಿಯದೆ ಇಷ್ಟು ವರ್ಷ ಬಿಟ್ಟಿದ್ದೆ.

ನನ್ನ ಹೆಂಡತಿ ಶಂಕ್ರಮ್ಮ ಮೂವರು ಅಕ್ಕತಂಗಿಯರಲ್ಲಿ ನಡುವಿನವಳು. ಅಕ್ಕ ನೀಲಮ್ಮ ಇರುವುದು ಸಿರುಗುಪ್ಪದಲ್ಲಿ. ಆಕೆಯ ಗಂಡ ಪಂಪಾಪತಿ ಅಕ್ಕಿ ಗಿರಣಿಯ ಗುಮಾಸ್ತ. ಅನ್ನದ ಮೇಲೆ ಆತನಿಗಿರುವ ಗೌರವ ಹೊಟ್ಟೆಯ ಮೇಲೆ ಎದ್ದು ಕಾಣುತ್ತದೆ. ತಂಗಿ ಗೌರಮ್ಮನನ್ನು ಕುರುಗೋಡಿಗೆ ಕೊಟ್ಟಿದೆ. ಆಕೆಯ ಗಂಡ ದೊಡ್ಡಬಸಪ್ಪ ಖಾಸಗಿ ಶಾಲೆಯೊಂದರ ಮಾಸ್ತರ. ಊರದೇವರಾದ ಭಾರಿ ಕಲ್ಲು ಬಸವನ ಹೆಸರು ಬಂತು, ದೇವರ ಮೈಕಟ್ಟು ಬರಲಿಲ್ಲ. ಗಾಳಿಯಿದ್ದ ದಿನ ಅಂಗಿ ಮುಂದೆ ಹೋಗುತ್ತದೆ, ಆತ ಹಿಂದಿನಿಂದ ಬರುತ್ತಾನೆ. ಸಂಬಳವೂ ಹಾಗೆಯೇ, ತಿಂಗಳು ಮುಂದೆ ಹೋದ ಮೇಲೆ ಯಾವಾಗಲೋ ಹಿಂದಿನಿಂದ ಬರುತ್ತದೆ. ನಾನು ಇವರಿಬ್ಬರ ನಡುವೆ, ವರದಿಗಾರನಿಗೆ ತಕ್ಕಂತೆ ಯಾವ ಪಕ್ಷಕ್ಕೂ ಸೇರದ ಮೈಕಟ್ಟಿನವನು.

ಈ ಮೂರು ಮನೆಗಳ ಬಟ್ಟೆ ಒಂದೇ ಬಟ್ಟೆ. ಪಂಪಾಪತಿಗೆ ಬಿಗಿಯಾದದ್ದು ಕುರುಗೋಡಿಗೆ ಹೋಗುತ್ತದೆ, ಅಲ್ಲಿಂದ ಬಳ್ಳಾರಿಗೆ ಬರುತ್ತದೆ, ನಮ್ಮದು ಮತ್ತೆ ಸಿರುಗುಪ್ಪದ ಬಸ್ಸು ಹತ್ತುತ್ತದೆ. ಮಕ್ಕಳ ಚಡ್ಡಿ, ಲಂಗ, ಅಕ್ಕತಂಗಿಯರ ಸೀರೆ ಎಲ್ಲವೂ ಒಂದು ದಿಂಬಿನ ಚೀಲದಲ್ಲಿ ಗಂಟಾಗಿ ಊರೂರು ತಿರುಗುತ್ತವೆ. 'ಹಳೆಯದು' ಎಂಬ ಮಾತು ಆ ಅಕ್ಕತಂಗಿಯರ ಬಾಯಲ್ಲಿ ಬರುವುದಿಲ್ಲ. 'ತಿರುಗಿ ಬಂದದ್ದು' ಎನ್ನುತ್ತಾರೆ, ಕಾಶಿಯಾತ್ರೆ ಮುಗಿಸಿ ಬಂದಂತೆ. ಪೂರ್ತಿ ಹರಿದದ್ದು ತುಂಡು ಸೇರಿಸಿ ಹೊಲಿಯುವ ಕೌದಿಗೆ ಹೋಗುತ್ತದೆ, ಕೌದಿಗೂ ಬಾರದ್ದು ಒಲೆಯ ಮುಂದೆ ಮಸಿ ಅರಿವೆಯಾಗುತ್ತದೆ. ಬಟ್ಟೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುವ ಹೆಂಗಸು ನಮ್ಮ ಓಣಿಗೆ ಬಂದರೂ ನಮ್ಮ ಮನೆಯ ಮುಂದೆ ಬುಟ್ಟಿ ಇಳಿಸುವುದನ್ನೇ ಬಿಟ್ಟಿದ್ದಾಳೆ.

ಇದರಿಂದ ಲಾಭವಾದದ್ದು ನಮ್ಮ ದರ್ಜಿ ಖಾಜಾ ಸಾಹೇಬರಿಗೆ. ಒಂದೇ ಪ್ಯಾಂಟನ್ನು ಬಿಚ್ಚಿ ಅಗಲ ಮಾಡುತ್ತಾರೆ, ಮತ್ತೆ ಹಿಡಿದು ಸಣ್ಣ ಮಾಡುತ್ತಾರೆ. "ಸಾರ್, ಈ ಪ್ಯಾಂಟು ಭಾಳ ಹಳೇ ದೋಸ್ತ್ ನನಗ. ಸೂಜಿ ಹಚ್ಚೋದೇ ಬ್ಯಾಡ, ಹಳೇ ತೂತಿನಾಗ ದಾರ ತಾನೇ ಹೋಗತೈತಿ," ಎಂದು ಒಮ್ಮೆ ಅಂಗಡಿ ತುಂಬ ಜನರಿದ್ದಾಗ ಹೇಳಿದರು. ಹೊಲಿಗೆ ಬಿಚ್ಚಿ ಅಗಲ ಮಾಡಿದಾಗ ಒಳಗೆ ಮಡಚಿದ್ದ ಬಟ್ಟೆ ಹೊರಗೆ ಬರುತ್ತದೆ. ಬಿಸಿಲು ಕಾಣದ ಆ ಪಟ್ಟಿಗೆ ಮೂಲ ಬಣ್ಣ ಹಾಗೆಯೇ ಉಳಿದಿರುತ್ತದೆ. ಹೀಗಾಗಿ ನನ್ನ ಅಂಗಿಗಳ ಪಕ್ಕೆಯಲ್ಲಿ ಸದಾ ಎರಡು ಗಾಢ ಪಟ್ಟಿಗಳು. ಅವುಗಳ ಅಗಲ ನೋಡಿದರೆ ಪಂಪಾಪತಿ ಆ ವರ್ಷ ಎಷ್ಟು ಸುಖವಾಗಿದ್ದ ಎಂದು ಹೇಳಬಹುದು.

ಇವುಗಳಲ್ಲಿ ಒಂದು ಅಂಗಿಯ ಮಾತನ್ನು ಬೇರೆಯಾಗಿ ಹೇಳಬೇಕು. ಮದುವೆಯಾದ ಮೊದಲ ದೀಪಾವಳಿಗೆ ಮಾವನವರು ನನಗೆ ಟೆರಿಲಿನ್ ಅಂಗಿ ಹೊಲಿಸಿದರು. ಆಗ ಟೆರಿಲಿನ್ ಎಂದರೆ ದೊಡ್ಡ ಮಾತು. ಬಣ್ಣ ಮಾತ್ರ ಬದನೆಕಾಯಿಯದು, ಅದೂ ಎಣ್ಣೆಗಾಯಿಗೆ ಆರಿಸುವ ಹೊಳಪಿನ ಬದನೆಕಾಯಿ. ಅದನ್ನು ಹಾಕಿಕೊಂಡು ಕಚೇರಿಗೆ ಹೋದ ದಿನ ಸಂಪಾದಕರು ತಲೆಯೆತ್ತಿ ನೋಡಿ, "ಇವತ್ತು ನಾಟಕದ ವರದಿ ಇತ್ತೇನು?" ಎಂದು ಕೇಳಿದರು. ಬಳ್ಳಾರಿಯ ಬೇಸಿಗೆಯಲ್ಲಿ ಗಾಳಿಯಾಡದ ಟೆರಿಲಿನ್ ತೊಟ್ಟವನಿಗೆ ಬೇರೆ ಶಿಕ್ಷೆ ಬೇಕಿಲ್ಲ. ಮುಂದಿನ ಗಂಟಿನಲ್ಲೇ ಅದನ್ನು ಸಿರುಗುಪ್ಪಕ್ಕೆ ದಾಟಿಸಿದೆ. ಹತ್ತಿಯ ಅಂಗಿಗಳು ತಮ್ಮ ಪಾಡಿಗೆ ತಾವು ಹರಿದು ಕೌದಿ ಸೇರಿದವು. ಬದನೆಕಾಯಿಗೆ ಸಾವಿರಲಿಲ್ಲ. ಅದು ಹರಿಯಲಿಲ್ಲ, ಮಾಸಲಿಲ್ಲ. ಹಬ್ಬದ ದಿನಗಳಲ್ಲಿ ಒಮ್ಮೆ ಪಂಪಾಪತಿಯ ಮೈಮೇಲೆ, ಒಮ್ಮೆ ದೊಡ್ಡಬಸಪ್ಪನ ಮೈಮೇಲೆ ದೂರದಿಂದಲೇ ಕಾಣಿಸಿಕೊಳ್ಳುತ್ತಿತ್ತು. ಕುರುಗೋಡಿನಿಂದ ಗಂಟು ಬಂದಾಗಲೆಲ್ಲ ನಾನು ಮೊದಲು ಅದರ ಬಾಯಿ ಸಡಿಲಿಸಿ ಇಣುಕಿ ನೋಡುತ್ತಿದ್ದೆ. ಯಾವ ಪುಣ್ಯವೋ, ಅದು ಕುರುಗೋಡು ದಾಟಿ ಬರಲಿಲ್ಲ.

ಹೀಗೆ ದಣಿದು ದಣಿದು ಒಂದು ದಿನ ಬೆಂಗಳೂರು ರಸ್ತೆಯ ಅಂಗಡಿಯೊಂದಕ್ಕೆ ನುಗ್ಗಿ ಟೆರಿಕಾಟಿನ ಸಿದ್ಧ ಅಂಗಿ ಕೊಂಡುಬಿಟ್ಟೆ. ಕೆನೆ ಬಣ್ಣ, ಸಣ್ಣ ಚೌಕಳಿ. ಅದರ ಪಕ್ಕೆಯಲ್ಲಿ ಯಾರ ಹೊಟ್ಟೆಯ ಗುರುತೂ ಇರಲಿಲ್ಲ. ಶಂಕ್ರಮ್ಮ ನೋಡಿ, "ಚೊಲೊ ಐತಿ," ಎಂದಳು, ಅಷ್ಟೇ. ಆ ಎರಡು ಮಾತಿನ ಹಿಂದೆ ಏನಿದೆ ಎಂದು ವಿಚಾರಿಸದೆ ಬಿಟ್ಟ ನಾನು ಎಂಥ ವರದಿಗಾರನೋ.

ಆ ಅಂಗಿ ತೊಟ್ಟು ನೀಲಮ್ಮನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಸಿರುಗುಪ್ಪಕ್ಕೆ ಹೋದೆವು. ಊಟದ ಪಂಕ್ತಿಯಲ್ಲಿ ನನ್ನ ಒಂದು ಪಕ್ಕ ಪಂಪಾಪತಿ, ಇನ್ನೊಂದು ಪಕ್ಕ ದೊಡ್ಡಬಸಪ್ಪ. ಪಂಪಾಪತಿ ನನ್ನ ತೋಳನ್ನು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ. "ಏನ್ರಿ ಪೇಪರ್‌ನೋರ! ಹೊಸಾದು! ಅಂಗಡಿ ವಾಸನಿ ಇನ್ನಾ ಹೋಗಿಲ್ಲ!" ಎಂದ. ಪಂಕ್ತಿಯೆಲ್ಲ ತಿರುಗಿ ನೋಡಿತು. ಆತನಿಗೆ ಜನ ನೋಡಿದರೆ ಉಮೇದು ಹೆಚ್ಚು. "ಹಂಗಾರ ನೀವು ಆಟ ಬಿಟ್ರಿ ಅನ್ರಿ. ಇನ್ಮ್ಯಾಲ ನಮ್ಮ ಹಳೇವೆಲ್ಲ ಕುರುಗೋಡಿಗೆ ಹೋಗಿ ಅಲ್ಲೇ ಮುಕ್ಕಾಮು!"

ಎಲ್ಲರೂ ನಕ್ಕರು. ದೊಡ್ಡಬಸಪ್ಪನೂ ನಕ್ಕ. ನಕ್ಕು, ಒಮ್ಮೆ ನನ್ನ ಅಂಗಿಯನ್ನೂ ಒಮ್ಮೆ ತಾನು ತೊಟ್ಟಿದ್ದ ಪ್ಯಾಂಟಿನ ಮೊಣಕಾಲನ್ನೂ ನೋಡಿದ. ಆ ಪ್ಯಾಂಟು ಒಂದು ಕಾಲದಲ್ಲಿ ನನ್ನದು. ಆಮೇಲೆ ಆತ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಶಾಲೆ ಶುರುವಾಗುವ ಮುಂಚೆ ಗೌರಮ್ಮನ ಮಕ್ಕಳಿಗೆಂದು ಶಂಕ್ರಮ್ಮ ದೊಡ್ಡ ಗಂಟನ್ನೇ ಕಟ್ಟಿ ಕಳಿಸಿದಳು. ವಾರದೊಳಗೆ ಅದು ವಾಪಸು ಬಂತು. ಅವಳು ಹಾಕಿದ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ತಂದವರು ಹೇಳಿದ್ದು ಇಷ್ಟೇ: "ಸದ್ಯಕ್ಕ ಬ್ಯಾಡಂತ ಮಾಸ್ತರು ಅಂದಾರ." ಶಂಕ್ರಮ್ಮ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಾನು ಸಮಾಧಾನ ಹೇಳಲು ಹೋಗಿ, ಬೇಡವೆಂದರೆ ಬೇಡ, ಅದಕ್ಕೇಕೆ ಇಷ್ಟು ಎಂದೆ.

"ಬ್ಯಾಡ ಅನ್ನಾಕ ಅವರ ಮನ್ಯಾಗ ಏನೈತಿ?" ಎಂದಳು. "ಸಣ್ಣ ಹುಡುಗಿ ಲಂಗ ಹೋದ ವರ್ಷಾನೇ ಹರದಿತ್ತು. ದೊಡ್ಡಬಸಪ್ಪ ಯಾರ ಕಡಿಂದಾನೂ ಕೈಚಾಚಿ ಇಸ್ಕೊಳ್ಳಾಂವಲ್ಲ ರೀ. ಪೇಪರ್‌ನ್ಯಾಗ ಇರೋ ಅಣ್ಣಾರೂ ನಾ ಹಾಕ್ಕೊಂಡಿದ್ದು ಹಾಕ್ಕೋತಾರ ಅಂತ, ಅದೊಂದಕ್ಕ ಇಸ್ಕೊಂತಿದ್ದ. ನಾವು ಮೂವರೂ ಕೂತು ಈ ಪದ್ಧತಿ ಮಾಡಿದ್ದು ಗೌರಿ ಸಲುವಾಗಿ. ನಿಮಗ ಒಂದು ಅಂಗಿ ಬಂತು, ನನಗ ಒಬ್ಬಾಕಿ ತಂಗಿ ಹೋದ್ಲು."

ಪಂಪಾಪತಿಯ ಹೊಟ್ಟೆಯ ಏರಿಳಿತವನ್ನು ಅಂಗಿಯ ಪಟ್ಟಿಯಲ್ಲಿ ಓದಬಲ್ಲ ನಾನು ನನ್ನ ಮನೆಯಲ್ಲೇ ಇದ್ದ ಈ ಸುದ್ದಿಯನ್ನು ಇಷ್ಟು ವರ್ಷ ಓದಿರಲಿಲ್ಲ. ಭಾನುವಾರ ಆ ಗಂಟನ್ನು ಹಿಡಿದು ಕುರುಗೋಡಿನ ಬಸ್ಸು ಹತ್ತಿದೆ.

ದೊಡ್ಡಬಸಪ್ಪ ಕಟ್ಟೆಯ ಮೇಲೆ ಕುಳಿತಿದ್ದ. "ಬರ್ರಿ ಅಣ್ಣಾರ," ಎಂದ, ಆದರೆ ಗಂಟು ನೋಡಿ ಮುಖ ಬಿಗಿಯಾಯಿತು. ನಾನು ಅದನ್ನು ಬಾಗಿಲ ಹಿಂದೆ ಇಟ್ಟು, ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಸುಳ್ಳನ್ನು ಹೊರತೆಗೆದೆ. "ಮಾಸ್ತರ, ಒಂದು ಫಜೀತಿ ಆಗೈತಿ. ಆ ಹೊಸಾ ಅಂಗಿ ಇಸ್ತ್ರಿ ಮಾಡೋವಾಗ ಸುಟ್ಟುಹೋತು. ನಾಳೆ ಒಂದು ದೊಡ್ಡ ಸಭಾ ಐತಿ. ಹಾಕ್ಕೊಂಡು ಹೋಗಾಕ ನನ್ನ ಹತ್ರ ಒಂದೂ ನೆಟ್ಟಗಿಲ್ಲ. ನಿಮ್ಮ ಕಡೆ ಏನರ ಇದ್ರ..."

ಆತ ಮಾಸ್ತರ. ತಪ್ಪಿಸಿಕೊಂಡ ಮಕ್ಕಳನ್ನು ವಿಚಾರಿಸಿ ಅಭ್ಯಾಸವಾದವನು. "ಎಲ್ಲಿ ಸುಟ್ಟತು?" ಎಂದ.

"ಬೆನ್ನಿಗೆ."

"ಸಣ್ಣದೋ ದೊಡ್ಡದೋ?"

"ಪೂರಾ ಪೆಟಿಗಿ ಕೂತಂಗ."

ಆತ ಎದ್ದು ಒಳಗೆ ಹೋದ. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು, ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆ ಆತ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದದ್ದು ಬದನೆಕಾಯಿ. ಮಡಿಕೆ ಮುರಿಯದ ಹಾಗೆ ಕಾಗದದಲ್ಲಿ ಸುತ್ತಿಟ್ಟಿದ್ದ.

"ಇದು ಮಾವನೋರು ಹೊಲಿಸಿದ್ದು," ಎಂದ. "ಭಾಳ ಚೊಲೊ ಮಾಲು ಅಣ್ಣಾರ. ಹಬ್ಬಕ್ಕ, ಇಲ್ಲಾ ಸಾಲಿ ತಪಾಸಣಿಗೆ ಸಾಹೇಬ್ರು ಬಂದಾಗ ಅಷ್ಟ ಹಾಕ್ಕೊಳ್ಳಾದು ನಾನು. ದೊಡ್ಡ ಸಭಾ ಅಂದ್ರಲ್ಲ, ತಗೋರಿ."

ತನ್ನ ಮನೆಯ ಅತ್ಯುತ್ತಮವಾದದ್ದನ್ನು ಆತ ಕೊಡುತ್ತಿದ್ದ. ಕೈ ಚಾಚಿ ತೆಗೆದುಕೊಂಡೆ. ಅಲ್ಲೇ ತೊಟ್ಟು ತೋರಿಸಿರಿ ಎಂದ, ತೋರಿಸಿದೆ. ಗೌರಮ್ಮ ಬಾಗಿಲಿಗೆ ಬಂದು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ದೊಡ್ಡಬಸಪ್ಪ ನನ್ನ ಕಾಲರು ಸರಿಪಡಿಸಿ, "ಗೌರೀ, ಆ ಗಂಟು ಒಳಗ ಇಡು. ಅಕ್ಕಾರು ಕಳಿಸ್ಯಾರ," ಎಂದ.

ಗೆದ್ದು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಶಂಕ್ರಮ್ಮ ಕಣ್ಣೊರೆಸಿಕೊಂಡಳು. ಆಮೇಲೆ, "ಬೆನ್ನಿಗೆ ಅಂದ್ರ್ಯಾ? ಪೂರಾ ಪೆಟಿಗಿ?" ಎಂದು ಕೇಳಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಒಳಗೆ ಓಡಿದರೆ ನನ್ನ ಕೆನೆ ಬಣ್ಣದ ಅಂಗಿ ಬೋರಲು ಮಲಗಿದೆ, ಅದರ ಬೆನ್ನ ಮೇಲೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಕುಳಿತಿದೆ, ಪಕ್ಕದಲ್ಲಿ ಶಂಕ್ರಮ್ಮ ಕುಳಿತಿದ್ದಾಳೆ.

"ಅವ ನಾಳೆ ಬಂದು ನೋಡಿದ್ರ?" ಎಂದಳು. "ಹೇಳಿದ್ದು ಖರೇ ಇರಬೇಕಲ್ಲ."

ವರದಿ ತಪ್ಪಾದರೆ ನಾವು ಕಚೇರಿಯಲ್ಲಿ ತಿದ್ದುಪಡಿ ಹಾಕುತ್ತೇವೆ. ವರದಿಯನ್ನು ಹಾಗೆಯೇ ಬಿಟ್ಟು ಘಟನೆಯನ್ನೇ ತಿದ್ದಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸುಟ್ಟ ಭಾಗ ಬಿಟ್ಟು ಉಳಿದದ್ದರಲ್ಲಿ ಖಾಜಾ ಸಾಹೇಬರು ಗೌರಮ್ಮನ ಸಣ್ಣ ಮಗಳಿಗೆ ಫ್ರಾಕು ಹೊಲಿದರು. ಚೌಕಳಿ ಅವಳಿಗೆ ನನಗಿಂತ ಚೆನ್ನಾಗಿ ಒಪ್ಪಿತು.

ಗಂಟು ಈಗ ಮೊದಲಿನಂತೆ ತಿರುಗುತ್ತಿದೆ. ಮೊನ್ನೆ ಸಿರುಗುಪ್ಪಕ್ಕೆ ಕಟ್ಟುವಾಗ ನಾನು ಬದನೆಕಾಯಿಯನ್ನು ಸದ್ದಿಲ್ಲದೆ ತಂದು ಒಳಗಿಟ್ಟೆ. ಶಂಕ್ರಮ್ಮ ಅಷ್ಟೇ ಸದ್ದಿಲ್ಲದೆ ಅದನ್ನು ಹೊರತೆಗೆದು ಗೂಟಕ್ಕೆ ಹಾಕಿದಳು.

"ಅದನ್ನ ಹೆಂಗ ಕಳಸಾಕ ಬರ್ತೈತಿ?" ಎಂದಳು. "ಉಳಿದಾವೆಲ್ಲ ತಿರುಗಿ ಬಂದಂಥಾವು. ಇದು ನೀವು ಹೋಗಿ ಕೇಳಿ ಇಸ್ಕೊಂಡಿದ್ದು."