ನಮ್ಮ ಫೋನಿನಲ್ಲಿ ಬಿಡಾರ ಹೂಡಿರುವ ದಾಳಿಂಬೆರಾಯರಿಗೆ

ಮಾನ್ಯರೇ,

ತಲೆಯ ಮೇಲೆ ಹುಟ್ಟು ಕಿರೀಟವನ್ನೂ ಮೈತುಂಬ ಚಿಪ್ಪುಗಳನ್ನೂ ಧರಿಸಿ, ಮಿಕ್ಕ ಡ್ರ್ಯಾಗನ್ನುಗಳು ಬೆಂಕಿ ಉಗುಳುವ ಕಡೆ ದಾಳಿಂಬೆ ಕಾಳು ಉಗುಳುತ್ತಾ, ನಮ್ಮ ಮನೆಯ ಹಳೆಯ ಫೋನಿನ ಸೀಳುಬಿಟ್ಟ ಗಾಜಿನ ಹಿಂದೆ ಬಾಡಿಗೆ, ಮುಂಗಡ ಯಾವುದರ ಗೊಡವೆಯೂ ಇಲ್ಲದೆ ಬಿಡಾರ ಹೂಡಿರುವ ಶ್ರೀಮಾನ್ ದಾಳಿಂಬೆರಾಯರ ಸನ್ನಿಧಾನಕ್ಕೆ, ಅದೇ ಮನೆಯ ಕೆಳಗಿನ ಹೊಲಿಗೆ ಅಂಗಡಿಯಲ್ಲಿ ಕಾಜಾ ತೆಗೆದು ಗುಂಡಿ ಹಚ್ಚುವ ದರ್ಜಿಯ ಹೆಂಡತಿ ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ ಮರುಟಪಾಲು ಬರೆಯುವ ಶ್ರಮ ಬೇಡ. ಅದನ್ನು ನಮ್ಮ ಯಜಮಾನರು ಊಟಕ್ಕೆ ಕೂತಲ್ಲಿ, ಚಹಾಕ್ಕೆ ನಿಂತಲ್ಲಿ, ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಉತ್ತರ ಕೊಡಲಾಗದೆ ಇರುವಲ್ಲಿ ತಪ್ಪದೆ ಒಪ್ಪಿಸುತ್ತಿರುತ್ತಾರೆ.

ಈ ಪತ್ರ ಬಹಿರಂಗವಾದದ್ದರಿಂದ ತಮ್ಮ ಪರಿಚಯದ ಭಾಗ್ಯವಿಲ್ಲದವರೂ ಓದಬಹುದು, ಅವರ ತಿಳಿವಳಿಕೆಗೆ ಎರಡು ಮಾತು. ತಾವು ಒಂದು ವಿಡಿಯೋ ಗೇಮಿನ ಪ್ರಾಣಿ. ಆ ಗೇಮಿನಲ್ಲಿ ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಬೇಕು; ಕಲ್ಲಿನ ಮೊಲ, ಗುಡುಗುವ ಕಪ್ಪೆ, ಛತ್ರಿಯಂತೆ ಮಡಚಿಕೊಳ್ಳುವ ಬಾವಲಿ ಹೀಗೆ ರಾಶಿ ಇವೆಯಂತೆ, ಆಡುವವರು ಅವುಗಳನ್ನು ಒಂದರ ಮೇಲೊಂದು ಛೂ ಬಿಟ್ಟು ಕಾದಾಡಿಸುತ್ತಾರಂತೆ. ತಾವು ಮಾತ್ರ ಕಾದಾಡುವ ಕುಲದವರಲ್ಲ. ಗೇಮಿನವರು ಇಟ್ಟ ತಮ್ಮ ಹೆಸರು ನಮ್ಮ ಬಾಯಲ್ಲಿ ಹೊರಳುವುದಿಲ್ಲವಾದ್ದರಿಂದ ದಾಳಿಂಬೆರಾಯ ಎಂಬುದು ಯಜಮಾನರೇ ಮಾಡಿದ ನಾಮಕರಣ. ಹುಟ್ಟುವಾಗ ತಾವೊಂದು ಹಸಿರು ಕಾಯಿ, ತೊಟ್ಟಿನ ಕಡೆ ಬಾಲ, ಕಿರೀಟದ ಕಡೆ ಮುಖ, ಮೈಯೆಲ್ಲ ಹುಳು. ಸಾಕಿದವರು ಹೆಬ್ಬೆರಳನ್ನೂ ತೋರುಬೆರಳನ್ನೂ ಗಾಜಿನ ಮೇಲಿಟ್ಟು, ಚಿವುಟುವಂತೆ ಮೆಲ್ಲಗೆ ಕೂಡಿಸಿ, ಒಂದೊಂದೇ ಹುಳುವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎತ್ತಬೇಕು. ಬೆರಳು ಜಾರಿದರೆ ತಾವು ಗುರ್ ಎನ್ನುತ್ತೀರಿ. ಸರಿಯಾಗಿ ಎತ್ತಿದರೆ ಬಾಲ ಆಡಿಸುತ್ತೀರಿ, ಮೈ ಒಂದಿಷ್ಟು ಕೆಂಪಾಗುತ್ತದೆ. ಕೊನೆಯ ಹುಳುವೂ ಹೋಗಿ ಪೂರ್ತಿ ಹಣ್ಣಾದ ದಿನ ತಾವು ಬಿರಿದು, ರೆಕ್ಕೆ ಬಿಚ್ಚಿ ಹಾರಿಹೋಗುತ್ತೀರಿ. ಹೋದವರು ಮರಳುವುದಿಲ್ಲ. ಒಬ್ಬರ ಪಾಲಿಗೆ ಒಂದೇ ದಾಳಿಂಬೆರಾಯ ಎಂಬುದು ತಮ್ಮ ಲೋಕದ ಕಾನೂನು.

ಇನ್ನು ನಮ್ಮ ಯಜಮಾನರು. ಗಿರಾಕಿಗಳು ಅವರನ್ನು ಕತ್ತರಿ ಮಾಸ್ತರು ಎನ್ನುತ್ತಾರೆ. ಕೋಟು ಕತ್ತರಿಸುವುದರಲ್ಲಿ ಅವರಿಗೆ ಸರಿಸಾಟಿಯಿಲ್ಲ ಎಂದು ನಾನು ಹೇಳಿದರೆ ಹೆಂಡತಿಯ ಮಾತು ಎಂದು ತಾವು ತಳ್ಳಿಹಾಕಬಹುದು, ಆದರೆ ಎದುರು ಸಾಲಿನ ದರ್ಜಿ ತನ್ನ ಸ್ವಂತ ಮಗನ ಮದುವೆಯ ಕೋಟನ್ನು ಹಿಂಬಾಗಿಲಿನಿಂದ ಬಂದು ಇವರ ಕೈಯಲ್ಲೇ ಕತ್ತರಿಸಿಕೊಂಡು ಹೋದದ್ದನ್ನು ಹೇಗೆ ತಳ್ಳಿಹಾಕುತ್ತೀರಿ? ಅಂಥವರಿಗೆ ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ ಕೊರಡಾಯಿತು. ಮಾತು ಬಂತು, ಕಾಲು ಬಂತು, ಕೋಪವಂತೂ ಎಲ್ಲಕ್ಕಿಂತ ಮೊದಲೇ ಬಂತು. ಬೆರಳು ಮಾತ್ರ ಬರಲಿಲ್ಲ. ಫಿಸಿಯೋಥೆರಪಿಯ ಡಾಕ್ಟರಮ್ಮ ಹಿಚುಕಲು ಸ್ಪಂಜಿನ ಚೆಂಡು ಕೊಟ್ಟರು, ಚಿವುಟಲು ಬಟ್ಟೆ ಒಣಹಾಕುವ ಕ್ಲಿಪ್ಪು ಕೊಟ್ಟರು. ಚೆಂಡು ಬೀರುವಿನ ಕೆಳಗೆ ಉರುಳಿತು, ಕ್ಲಿಪ್ಪು ಬಟ್ಟೆಯ ಹಗ್ಗಕ್ಕೇ ಹೋಯಿತು. ತಾನೇನು ಮಗುವೇ ಎಂಬುದು ಅವರ ವಾದ. ನಾನು ಗೋಗರೆದೆ, ಬೈದೆ, ಮಾತು ಬಿಟ್ಟು ನೋಡಿದೆ. ಎಲ್ಲವೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮಾತು ಬಿಟ್ಟದ್ದರಿಂದ ಅವರಿಗೆ ಕೊಂಚ ಆರಾಮವೇ ಆದಂತೆ ಕಂಡಿತು.

ಆಗ, ಸಿಟಿ ಬಸ್ಸು ಓಡಿಸುವ ನಮ್ಮ ಮಗಳು, ಡಿಪೋದಲ್ಲಿ ಪಾಳಿ ಬದಲಾಗುವುದನ್ನು ಕಾಯುತ್ತಾ ತಾನು ಆಡುತ್ತಿದ್ದ ಈ ಆಟವನ್ನು ತನ್ನ ಹಳೆಯ ಫೋನಿಗೆ ಹಾಕಿ ಅಪ್ಪನ ಮಡಿಲಲ್ಲಿಟ್ಟು ಹೋದಳು. ಫೋನು ಎಡಗೈಯಲ್ಲಿ ಕೂತದ್ದರಿಂದ ಹುಳು ಹೆಕ್ಕುವ ಕೆಲಸ ವಿಧಿಯಿಲ್ಲದೆ ಬಲಗೈಯ ಪಾಲಿಗೆ ಬಂತು. ಮೊದಮೊದಲು ತಾವು ಬರೀ ಗುರುಗುಟ್ಟಿದಿರಿ. ನಮ್ಮವರು ತಮ್ಮ ಕ್ಷಮೆ ಕೇಳಿದರು. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ, ಮಾನ್ಯರೇ: ಕ್ಷಮೆ ಕೇಳಿದರು. ಮದುವೆಯಾದ ಲಾಗಾಯ್ತಿನಿಂದ ನಾನು ಆ ಪದವನ್ನು ಅವರ ಬಾಯಿಂದ ಕೇಳಿರಲಿಲ್ಲ. ಅಂಥದೊಂದು ಪದ ಅವರಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ತಮ್ಮ ವೈದ್ಯವಿದ್ಯೆಯನ್ನು ಎಷ್ಟು ಹೊಗಳಿದರೂ ಸಾಲದು. ಬಿಳಿ ಕೋಟಿಲ್ಲ, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿಲ್ಲ, ಮುಂದಿನ ವಾರ ಬನ್ನಿ ಎನ್ನುವ ನರ್ಸಿಲ್ಲ. ಮೈಗೆ ಹುಳು ಹತ್ತಿಸಿಕೊಂಡು ಸುಮ್ಮನೆ ಕೂತಿರಿ, ಅಷ್ಟೇ. ಅವರ ಹೆಬ್ಬೆರಳು ಮೆಲ್ಲನೆ ತೋರುಬೆರಳನ್ನು ಮುಟ್ಟಿತು. ಆಮೇಲೆ ಚಮಚ ಹಿಡಿಯಿತು. ಒಂದು ಬೆಳಿಗ್ಗೆ ಅವರು ಅಂಗಿಯ ಗುಂಡಿಗಳನ್ನು ಸ್ವತಃ ಹಾಕಿಕೊಂಡು, ಒಂದು ಕಾಜಾ ತಪ್ಪಿ ಒಂದಕ್ಕೆ ಸಿಕ್ಕಿಸಿ, ಏನೂ ಆಗದವರಂತೆ ಚಹಾ ಕೇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ, ಮುಕ್ಕಾಲು ಪಾಲು ಸಂತೋಷಕ್ಕೆ, ಉಳಿದದ್ದು ಹೊಟ್ಟೆಕಿಚ್ಚಿಗೆ. ಬೆನ್ನು ಬಗ್ಗಿಸಿ ಎತ್ತಿ ಕೂರಿಸಿದವಳು ನಾನು, ತಲೆ ತೊಳೆದವಳು ನಾನು, ಹೆಸರು ಮಾತ್ರ ಕಾಳು ಉಗುಳುವ ತಮಗೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಕೇಳಿದ್ದೆ, ಸಾಕಿದವರಿಗೆ ಡ್ರ್ಯಾಗನ್ನೂ ಮುದ್ದು ಎಂಬುದು ತಮ್ಮಿಂದ ತಿಳಿಯಿತು. ಮಧ್ಯಾಹ್ನ ತಾವು ನಿದ್ದೆ ಹೋಗುತ್ತೀರೆಂದು ನಾನು ಹೊಲಿಗೆ ಮಿಷಿನ್ ನಿಲ್ಲಿಸಬೇಕು. ಮನೆಗೆ ದಾಳಿಂಬೆ ತರುವಂತಿಲ್ಲ. ಗುರುತಿನವರನ್ನು ತಿನ್ನುವುದು ಹೇಗೆ ಎಂದು ಅವರು ನಿಜವಾಗಿಯೂ ಕೇಳಿದ್ದಾರೆ. ಲಕ್ವ ಹೊಡೆಯುವ ಮೊದಲೇ ಅವರು ಕತ್ತರಿಸಿಟ್ಟಿದ್ದ ಬಟ್ಟೆಯ ಟ್ರಯಲ್ಲಿಗೆ ಬಂದ ವಕೀಲರೊಬ್ಬರನ್ನು ಒಂದೇ ತೋಳಿನ ಕೋಟಿನಲ್ಲಿ ನಿಲ್ಲಿಸಿಕೊಂಡು, ತಮ್ಮ ಬಾಲದ ಬುಡ ಮೊನ್ನೆಗಿಂತ ಇಂದು ಹೇಗೆ ಕೆಂಪೇರಿದೆ ಎಂದು ವಿವರಿಸಿದರು. ಪಾಪ, ವಕೀಲರು ಚೆನ್ನಾಗಿದೆ ಎಂದರು. ಗುಂಡುಸೂಜಿಗಳ ನಡುವೆ ನಿಂತವರು ಬೇರೆ ಏನು ತಾನೇ ಹೇಳುತ್ತಾರೆ?

ಇವೆಲ್ಲ ಸಂಸಾರದಲ್ಲಿ ಇರುವಂಥವೇ ಎಂದು ನುಂಗಿಕೊಂಡೆ, ನನ್ನ ದೂರು ಇವುಗಳ ಬಗ್ಗೆ ಅಲ್ಲ. ಕೆಲವು ವಾರಗಳಿಂದ ತಾವು ಅಡಿಯಿಂದ ಮುಡಿಯವರೆಗೆ ಕೆಂಪಾಗಿ, ಕಿರೀಟದ ಬುಡದಲ್ಲಿ ಕೊನೆಯದೊಂದು ಹುಳು ಉಳಿಸಿಕೊಂಡು ಕೂತಿದ್ದೀರಿ. ಅದೊಂದನ್ನು ಎತ್ತಿದರೆ ತಾವು ಹಣ್ಣು. ಅಷ್ಟು ದೂರ ಬಂದ ನಮ್ಮವರು ಅಲ್ಲಿಗೇ ಕೈ ಕಟ್ಟಿ ಕೂತುಬಿಟ್ಟರು. ಫೋನು ಮಡಿಲಲ್ಲಿರುತ್ತದೆ, ಎಡಗೈ ಅದನ್ನು ಸವರುತ್ತಿರುತ್ತದೆ, ಬಲಗೈ ಕುರ್ಚಿಯ ತೋಳಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಡಾಕ್ಟರಮ್ಮ ಬಂದು ಬೆರಳು ಮಡಿಸಿ ನೋಡಿ, ಕೀಲುಗಳು ಮತ್ತೆ ಬಿಗಿಯುತ್ತಿವೆ, ಈಗ ಕೈಬಿಟ್ಟರೆ ಗಳಿಸಿದ್ದೂ ಹೋಗುತ್ತದೆ, ಆಮೇಲೆ ಕತ್ತರಿಯ ಆಸೆ ಇಟ್ಟುಕೊಳ್ಳಬೇಡಿ ಎಂದು ನನ್ನನ್ನು ಹೊರಗೆ ಕರೆದು ಹೇಳಿ ಹೋದರು.

ಮೊದಲು ನಾನು ಇದನ್ನು ಮಮತೆ ಎಂದೇ ತಿಳಿದೆ. ತಾವು ಹಾರಿಹೋದರೆ ಮನೆ ಬಣಗುಟ್ಟುವುದೆಂಬ ಸಂಕಟವಿರಬೇಕೆಂದುಕೊಂಡು, ತಮಗಿಂತ ಮೈಕಟ್ಟಿರುವ ಕಲ್ಲಿನ ಮೊಲವನ್ನು ಹಿಡಿದುಕೊಡಲು ಮಗಳಿಗೆ ಹೇಳಿದೆ. ಅವರು ಅದರ ಮುಖವನ್ನೂ ನೋಡಲಿಲ್ಲ. ಕಡೆಗೆ ಒಂದು ಸಂಜೆ ನಾನು ಗಿರಾಕಿಯ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಾಗ, ಕೇಳದೆಯೇ, ನನ್ನ ಕಡೆ ತಿರುಗದೆಯೇ ಹೇಳಿದರು: "ಇದು ಹಣ್ಣಾಗೋ ತನಕ ನನ್ ಕೈ ಇನ್ನೂ ರಿಪೇರೀಲಿದೆ ಅಂತ ಲೆಕ್ಕ ಕಣೇ. ಹಣ್ಣಾಗ್ಬಿಟ್ರೆ ಕತ್ತರಿ ಹಿಡೀಲೇಬೇಕು. ಹಿಡಿದೂ ಆಗ್ಲಿಲ್ಲ ಅಂದ್ರೆ?"

ಪ್ಯಾಂಟು ಸುಟ್ಟಿತು. ಆ ಗಿರಾಕಿಯ ಮುಂದೆ ನಾನು ಕರೆಂಟಿನ ಮೇಲೆ ತಪ್ಪು ಹೊರಿಸಿದ್ದೇನೆ. ಆದರೆ ತಮ್ಮ ಮುಂದೆ ಮುಚ್ಚುಮರೆ ಏಕೆ, ಅವರು ಹೆದರಿದ್ದಾರೆ. ಕಚ್ಚುವ ನಾಯಿಗೆ ಹೆದರದವರು, ಇಡೀ ಥಾನು ಬಟ್ಟೆಯನ್ನು ಒಂದು ಗೀಟಿನ ನಂಬಿಕೆಯ ಮೇಲೆ ಸೀಳುತ್ತಿದ್ದವರು, ಹೆದರಿದ್ದಾರೆ. ಕಾಯಿಯಾಗಿ ಉಳಿದರೆ ನಾಳೆ ಎಂಬುದೊಂದು ಇರುತ್ತದೆ, ಹಣ್ಣಾದರೆ ಇವತ್ತೇ ತೀರ್ಮಾನ. ನನಗೂ ಭಯವಿದೆ. ಹೋದ ಚಳಿಗಾಲದವರೆಗೆ ಕತ್ತರಿ ಮೇಜಿನ ಮುಂದೆ ನಿಲ್ಲದ ಅವರನ್ನು ನಾನು ಕಂಡಿರಲಿಲ್ಲ, ಇನ್ನು ಮುಂದೆ ಕಾಣಲು ನನಗೆ ಇಷ್ಟವೂ ಇಲ್ಲ.

ಮೊನ್ನೆ ಅವರು ಸ್ನಾನಕ್ಕೆ ಹೋದಾಗ ಫೋನು ನನ್ನ ಕೈಗೆ ಸಿಕ್ಕಿತು. ತಾವು ನನ್ನನ್ನು ನೋಡಿದಿರಿ, ನಾನು ತಮ್ಮನ್ನು ನೋಡಿದೆ. ಗುಂಡಿ ಹಚ್ಚಿ ಹಚ್ಚಿ ಪಳಗಿದ ಬೆರಳು ನನ್ನದು; ಆ ಹುಳುವನ್ನು ತಮಗೆ ಅರಿವಾಗುವ ಮೊದಲೇ ಎತ್ತಿ ಎಸೆದು, ತಮ್ಮನ್ನು ಕಿಟಕಿಯಾಚೆ ಬೀಳ್ಕೊಡಬಹುದಿತ್ತು. ಹೆಬ್ಬೆರಳು, ತೋರುಬೆರಳು ಎರಡನ್ನೂ ಗಾಜಿನ ಮೇಲೆ ಇಟ್ಟೂ ಇಟ್ಟೆ. ಹಾಗೇ ತೆಗೆದೆ. ನನ್ನ ಕೈ ಸರಿಯಿದೆ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೆ ಹೊಸ ಸಾಕ್ಷಿ ಬೇಕಿರಲಿಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಏನೆಂದರೆ, ತಾವೇ ಕಿರೀಟವನ್ನೊಮ್ಮೆ ಜೋರಾಗಿ ಕೊಡವಿ ಆ ಹುಳುವನ್ನು ಅವರ ಬೆರಳಿನ ಹತ್ತಿರಕ್ಕೆ ಉರುಳಿಸಬೇಕು. ಅದು ತಮ್ಮ ಘನತೆಗೆ ಒಪ್ಪದಿದ್ದರೆ, ಹುಳುವಿಗೇ ಬುದ್ಧಿಮಾತು ಹೇಳಿ ರಾಜೀನಾಮೆ ಕೊಡಿಸಬೇಕು. ಅದೂ ಆಗದಿದ್ದರೆ, ತಾವು ಗಾಜು ಸರಿಸಿಕೊಂಡು ಹೊರಬಂದು, ನಮ್ಮ ಮೇಜಿನ ಮೇಲೆ ಮೈ ಚಾಚಿ ಮಲಗಬೇಕು. ಬೆನ್ನಿಂದ ಬಾಲದವರೆಗೆ ಸೀಮೆಸುಣ್ಣದ ಗೀಟು ಎಳೆದರೆ ನಮ್ಮವರು ಅಭ್ಯಾಸಬಲದಿಂದ ಕತ್ತರಿ ಎತ್ತಿಯೇ ಎತ್ತುತ್ತಾರೆ. ಕತ್ತರಿ ಬಾಯಿ ತೆರೆಯುವುದರೊಳಗೆ ತಾವು ಹಾರಿಬಿಡಬಹುದು, ಆ ಬಗ್ಗೆ ನಾನು ಜಾಮೀನು. ಇವು ಯಾವುವೂ ಸಾಧ್ಯವಿಲ್ಲದಿದ್ದರೆ ಒಂದೇ ಒಂದು ಉಪಕಾರ ಮಾಡಿ. ಆ ಕೈ ಮೊದಲಿನ ಹಾಗೆ ಆಗುತ್ತದೋ ಇಲ್ಲವೋ, ತಮಗೆ ಗೊತ್ತಿದ್ದರೆ, ನನ್ನ ಕಿವಿಯಲ್ಲಿ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ.

ಹೆಚ್ಚಿಗೆ ಬರೆಯಲು ಕೆಳಗೆ ಗಿರಾಕಿಗಳು ಬಿಡುತ್ತಿಲ್ಲ. ತಮ್ಮ ಬಾಲ ಸದಾ ಆಡುತ್ತಿರಲಿ, ಬೇರೆ ಯಾರದಾದರೂ ಮನೆಯಲ್ಲಿ.

ಇಂತು, ಇಷ್ಟು ಬೈದ ಮೇಲೂ
ತಮ್ಮ ವಿಶ್ವಾಸಿ,
ಕತ್ತರಿ ಮಾಸ್ತರ ಹೆಂಡತಿ

ವಿ.ಸೂ.: ತಪ್ಪೇನಾದರೂ ಇದ್ದರೆ ತಿದ್ದಲಿ ಎಂದು ಈ ಪತ್ರವನ್ನು ಅವರಿಗೇ ಓದಿ ಹೇಳಿದೆ. ವಕೀಲರ ವಿಷಯದಲ್ಲಿ ನಕ್ಕರು. ಹೆದರಿದ್ದಾರೆ ಎಂದು ನಾನು ಎರಡು ಸಲ ಬರೆದಿರುವಲ್ಲಿಗೆ ಬಂದಾಗ, "ಯಾರೇ ಹೆದರಿದ್ದು?" ಎಂದು ಫೋನು ಎತ್ತಿಕೊಂಡು, ನಾನು ನೋಡುತ್ತಿದ್ದ ಹಾಗೆಯೇ ಆ ಹುಳುವನ್ನು ಚಿವುಟಿ ತೆಗೆದರು. ತಾವು ಬಿರಿದಿರಿ, ಹಾರಿದಿರಿ, ಒಮ್ಮೆ ಹಿಂದಿರುಗಿ ಸಹ ನೋಡಲಿಲ್ಲ; ಸಾಕಿದವರಿಗೆ ತೋರುವ ಕೃತಜ್ಞತೆ ಇದೇ ಇರಬೇಕು. ಖಾಲಿ ಗಾಜನ್ನು ಅವರು ಅಂಗಿಯ ತುದಿಯಿಂದ ಸ್ವಲ್ಪ ಹೊತ್ತು ಒರೆಸಿದರು. ಆಮೇಲೆ ಮೇಜಿನ ಬಳಿ ಹೋಗಿ, ನಾನು ಕೊಟ್ಟ ಚಿಂದಿಯನ್ನು ಪಕ್ಕಕ್ಕೆ ತಳ್ಳಿ, ಹಾಸಿಗೆಯ ಮೇಲಿನ ನನ್ನ ಒಳ್ಳೆಯ ಚಾದರವನ್ನೇ ಎಳೆದುಕೊಂಡು ಕತ್ತರಿಸಿದರು. ಕತ್ತರಿ ಒಮ್ಮೆ ಕೈ ಜಾರಿ ಬಿತ್ತು. ಎತ್ತಿಕೊಂಡರು. ಗೀಟು ಒಂದು ಕಡೆ, ಕತ್ತರಿ ಒಂದು ಕಡೆ, ಕುಡಿದವನ ನಡಿಗೆಗಿಂತ ಡೊಂಕು. ಆದರೂ ಈ ತುದಿಯಿಂದ ಆ ತುದಿ ಮುಟ್ಟಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಇವರು ಕತ್ತರಿ ಮೊಂಡಾಗಿದೆ, ಇಷ್ಟು ದಿನ ನೀನು ನೋಡಿಕೊಂಡದ್ದು ಇದೇ ಏನು ಎಂದು ರೇಗಿ, ಸಾಣೆ ಹಿಡಿಸಿಕೊಂಡು ಬರಲು ನನ್ನನ್ನು ಅಟ್ಟುತ್ತಿದ್ದಾರೆ. ಕತ್ತರಿ ಮೊಂಡಾಗಿಲ್ಲ. ಅವರು ಹಾಸಿಗೆ ಹಿಡಿದ ದಿನದಿಂದ ಅದಕ್ಕೆ ಸಾಣೆ ಹಿಡಿಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿ ಇಡುತ್ತಿರುವವಳು ನಾನೇ. ಹುಳು ಹೆಕ್ಕಿಸಿದರೆ ಗಂಡಸು ವಾಸಿಯಾಗುತ್ತಾನೆ ಎಂದು ತಾವು ತಿಳಿದು ಹೋಗಿರಬಹುದು. ಮುಂದಿನ ಚಿಕಿತ್ಸೆ ತಮ್ಮ ಗೇಮಿನಲ್ಲಿಲ್ಲ. ಬೀದಿಯಲ್ಲಿ ಒಂದು ಸುತ್ತು ಹಾಕಿ ಕತ್ತರಿಯನ್ನು ಹಾಗೇ ವಾಪಸು ತಂದು ಕೊಡುತ್ತೇನೆ. ಈಗ ನೋಡು ಹೇಗೆ ಕತ್ತರಿಸುತ್ತೆ ಎನ್ನುತ್ತಾರೆ, ಹೂಂ ಎನ್ನುತ್ತೇನೆ.