ಮೂರು ನಂಬರಿನ ಹಾರ್ನ್

"ಕಾಲು ಜಾರಿ ಬಿದ್ದೆ ಅಂತ ಹೇಳಿದೆ ಕಣೋ. ನಿಮ್ಮಮ್ಮ ಏನಂದ್ಲು ಗೊತ್ತಾ? 'ತುಂಬಾ ಸಂತೋಷ, ಹೀಗೇ ಇರು' ಅಂದ್ಲು."

ಹಾಸನದಿಂದ ಚಿಕ್ಕಮ್ಮ ಫೋನಿನಲ್ಲಿ ಹೀಗೆ ದೂರು ಕೊಟ್ಟಾಗ ಅಚ್ಯುತನಿಗೆ ಮೊದಲು ನಗು ಬಂತು. ಮುಂದಿನ ಮಾತಿಗೆ ನಗು ಇಳಿದುಹೋಯಿತು.

"ವಾರವಾರ ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ. ಬರೋ ಭಾನುವಾರ ನಾಲ್ಕು ಗಂಟೆಗೆ ಒಂದು ಸಲ ಮಾಡ್ತೀನಿ. ಅವತ್ತೂ ಹೀಗೇ ಆದ್ರೆ ಇನ್ನು ಮಾಡಲ್ಲಪ್ಪ. ನಂಗೂ ಬೇಜಾರಾಗುತ್ತೆ."

ಅಚ್ಯುತನ ತಾಯಿ ಸರಸ್ವತಮ್ಮನವರ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ವಡೋದರದ ದೊಡ್ಡ ಡಾಕ್ಟರರಿಗೆ ತೋರಿಸಿ ತಂದ ಮಿಷನ್ನು "ಕಿವಿಯೊಳಗೆ ಜೀರುಂಡೆ ಬಿಟ್ಟ ಹಾಗಾಗುತ್ತೆ" ಎಂಬ ತೀರ್ಪು ಪಡೆದು, ದೇವರ ಮನೆಯ ಊದಿನಕಡ್ಡಿ ಡಬ್ಬದಲ್ಲಿ ಮಲಗಿತ್ತು. ಎದುರಿನವರ ತುಟಿ ಅಲ್ಲಾಡಿದರೆ "ಹೌದಾ", ಅಲ್ಲಾಡುವುದು ನಿಂತರೆ "ಸಂತೋಷ". ಇಷ್ಟರಲ್ಲೇ ಅವರು ಸಂಸಾರ ಸಾಗಿಸುತ್ತಿದ್ದರು.

ಇದರಿಂದ ಅಚ್ಯುತನಿಗೆ ಒಂದು ಸಣ್ಣ ಅನುಕೂಲವೂ ಆಗಿತ್ತು, ಮುಚ್ಚಿಡುವುದೇಕೆ? ಅಮ್ಮ "ಈ ಅಂಗಿ ನಿಂಗೆ ಒಪ್ಪಲ್ಲ" ಎಂದರೆ ಅವನು ಜೋರಾಗಿ "ಆಯ್ತಮ್ಮ" ಎಂದು, ಆಮೇಲೆ ಮೆಲ್ಲಗೆ "ಐವತ್ತಾರು ವರ್ಷ ಆದ್ರೂ ಅಂಗಿ ಕೂಡ ನಂದಲ್ಲ" ಎಂದು ಗೊಣಗಿಕೊಳ್ಳುತ್ತಿದ್ದ. ಫ್ಯಾಕ್ಟರಿಯಲ್ಲಿ ಸಾಹೇಬರ ಎದುರು, ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಸೆಕ್ರೆಟರಿಯ ಎದುರು, ಮನೆಯಲ್ಲಿ ಹೆಂಡತಿ ಜಯಾಳ ಎದುರು ತುಟಿ ಬಿಚ್ಚದ ಗಂಡಸಿಗೆ ಇಡೀ ಗುಜರಾತಿನಲ್ಲಿ ಬಾಯಿಬಿಟ್ಟು ಗೊಣಗಲು ಸಿಕ್ಕ ಜಾಗ ಇದೊಂದೇ.

ಆದರೂ ಚಿಕ್ಕಮ್ಮನ ಮಾತು ಅವನಿಗೆ ನಾಟಿತು. ಉಳಿದಿರುವವರು ಇಬ್ಬರೇ, ಒಂದೇ ವರ್ಷದ ಅಂತರದ ಅಕ್ಕತಂಗಿಯರು. ಅವರ ನಡುವೆಯೂ ಮಾತು ನಿಂತುಹೋದರೆ ಅಮ್ಮನಿಗೆ "ಸರಸೂ" ಎನ್ನುವವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ.

ಅಚ್ಯುತ ವಡೋದರದ ಮಕರಪುರದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯ ಟೆಸ್ಟಿಂಗ್ ವಿಭಾಗದವನು. ಮೂರು ಸಲ ತಟ್ಟಿ ನೋಡದೆ ತೆಂಗಿನಕಾಯಿಯನ್ನೂ ಒಡೆಯುವವನಲ್ಲ. ಟೀವಿಯನ್ನು ಎಷ್ಟು ಜೋರು ಮಾಡಿದರೂ ಅಮ್ಮನಿಗೆ ತಿಳಿಯದು ಎಂದರೆ ಕೊರತೆ ಜೋರಿನದಲ್ಲ, ಸ್ಪಷ್ಟತೆಯದು ಎಂದು ಅವನು ತೀರ್ಮಾನಿಸಿದ. ಫೋನಿನ ದನಿ ನಾಲ್ಕು ದಿಕ್ಕಿಗೂ ಚೆಲ್ಲಿಹೋಗುತ್ತದೆ. ಅದನ್ನು ಗ್ರಾಮಫೋನಿಗಿರುವಂಥ ಸರಿಯಾದ ಹಾರ್ನಿನಲ್ಲಿ ಹಾಯಿಸಿ ಅಮ್ಮನ ಕಡೆಗೆ ತಿರುಗಿಸಬೇಕು.

ವಾರವಿಡೀ ಕೂತು ಮೂರು ಹಾರ್ನ್ ಮಾಡಿದ. ಒಂದನೆಯದು ಡ್ರಾಯಿಂಗ್ ಶೀಟು ಸುತ್ತಿದ್ದು, ಕಡಲೆಕಾಯಿ ಪೊಟ್ಟಣದ ಅಣ್ಣನ ಹಾಗಿತ್ತು. ಎರಡನೆಯದು ಪ್ಲೈವುಡ್ಡಿನ ಚೌಕದ ಬಾಯಿಯದು. ಮೂರನೆಯದನ್ನು ಗುಜರಾತಿ ಪೇಪರುಗಳನ್ನು ಮೈದಾ ಗೋಂದಿನಲ್ಲಿ ಹನ್ನೊಂದು ಪದರ ಅಂಟಿಸಿ, ಉಮ್ಮತ್ತಿ ಹೂವಿನಂತೆ ಮೆಲ್ಲಮೆಲ್ಲಗೆ ಅರಳಿಸಿದ್ದ. ತಾರಸಿಯಲ್ಲಿ ಒಣಗಲು ಇಟ್ಟಾಗ ಮುಸುವ ಕೋತಿಯೊಂದು ಅದರ ಅಂಚು ಕಚ್ಚಿ ರುಚಿ ನೋಡಿ ಹೋಗಿತ್ತು. ಮೂರಕ್ಕೂ ನಂಬರು ಬರೆದು, ಫೋನಿನ ವೈರು ಜೋಡಿಸಿದ ಒಂದೇ ಪುಟ್ಟ ಸ್ಪೀಕರನ್ನು ಒಂದೊಂದಕ್ಕೂ ಬದಲಿಸಿ ಕೂರಿಸಿದರೆ ಹೋಲಿಕೆಯಲ್ಲಿ ಮೋಸವಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಸರಸ್ವತಮ್ಮ ಒಳಗೆ ಜಪ ಮಾಡುತ್ತಿದ್ದರು. ಚಿಕ್ಕಮ್ಮ ಎಂದೋ ಕಳಿಸಿದ್ದ ವಾಯ್ಸ್ ಮೆಸೇಜನ್ನು ಅಚ್ಯುತ ಹಾಕಿದ: "ಸರಸೂ, ಊಟ ಆಯ್ತೇನೇ?"

ಒಂದನೇ ಹಾರ್ನಿನಲ್ಲಿ ಚಿಕ್ಕಮ್ಮನಿಗೆ ನೆಗಡಿಯಾಗಿತ್ತು. ಎರಡನೆಯದರಲ್ಲಿ ಚಿಕ್ಕಮ್ಮ ಚಿಕ್ಕಪ್ಪನಾಗಿಬಿಟ್ಟರು. ಮೂರನೆಯದನ್ನು ಹಾಕಿದಾಗ ಅಚ್ಯುತ ಹಾಗೇ ನಿಂತುಬಿಟ್ಟ. "ಸರಸೂ" ಎಂದ ಮೇಲೆ ಚಿಕ್ಕಮ್ಮ ಒಂದು ಗಳಿಗೆ ತಡೆದು, ಉಸಿರೆಳೆದು, ಆಮೇಲೆ ಊಟದ ಮಾತೆತ್ತಿದ್ದರು. ಆ ಉಸಿರು ಅವನಿಗೆ ಇದುವರೆಗೆ ಕೇಳಿಸಿರಲೇ ಇಲ್ಲ. ನೆಟ್ಟನೆಯ ಹಾರ್ನಿನಲ್ಲಿ ದನಿ ಬಾಯಿಯವರೆಗೆ ಬಂದು, ಎದುರಿಗೆ ಒಮ್ಮೆಲೇ ಬಯಲು ಕಂಡು, ಬೆಚ್ಚಿ ಒಂದಿಷ್ಟು ಹಿಂದಕ್ಕೆ ಓಡುತ್ತದೆ. ಹೂವಿನಂಥದ್ದರಲ್ಲಿ ಮನೆ ಎಲ್ಲಿ ಮುಗಿಯಿತು, ಬಯಲು ಎಲ್ಲಿ ಶುರುವಾಯಿತು ಎಂದು ದನಿಗೆ ಗೊತ್ತೇ ಆಗುವುದಿಲ್ಲ. ಎಂಟು ವರ್ಷದ ಹಿಂದೆ ಅಮ್ಮನನ್ನೂ ಹಾಗೇ ಮೆಲ್ಲಗೆ ಕರೆತರಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಊರು ಬಿಡಿಸಿ ಒಂದೇ ರೈಲಿನಲ್ಲಿ ತಂದು ಇಲ್ಲಿ ಇಳಿಸಿಬಿಟ್ಟಿದ್ದ.

ಅನುಮಾನ ಉಳಿಯಬಾರದೆಂದು ಅವನು ಮೂರನ್ನೂ ನಲವತ್ತು ಸಲ ನುಡಿಸಿದ. ನಲವತ್ತೊಂದನೆಯ ಸಲಕ್ಕೆ ಬಾಗಿಲು ಬಡಿದ ಸದ್ದಾಯಿತು.

ಸೊಸೈಟಿಯ ಸೆಕ್ರೆಟರಿ ನಿತಿನ್‌ಭಾಯ್. ಕೆಳಗಿನ ಮನೆಯವರು, ದಪ್ಪ ಆಳು. "ಅಚ್ಯುತ್‌ಭಾಯ್, ಬೆಳಿಗ್ಗೆಯಿಂದ ಈ 'ಊಟಾ ಆಯ್ತೇನೆ' ಏನು? ನನ್ನ ಹೆಂಡತಿ ಚಹಾ ಕೊಡುತ್ತಾ ಅದನ್ನೇ ಹಾಡ್ತಿದ್ದಾಳೆ!" ಎಂದು ಹಿಂದಿಯಲ್ಲಿ ರೇಗಿದರು. ಹಾರ್ನುಗಳು ಕಂಡದ್ದೇ ತಡ, ದೂರು ಮರೆತು ತೀರ್ಪುಗಾರರಾಗಿಬಿಟ್ಟರು. "ಎರಡು ನಂಬರೇ ಎ-ಒನ್! ಎಷ್ಟು ಜೋರು! ನವರಾತ್ರಿಯ ಗರ್ಬಾ ಕುಣಿತಕ್ಕೆ ಇದೇ ಬೇಕು."

ಅಷ್ಟರಲ್ಲಿ ಪಕ್ಕದ ಬ್ಲಾಕಿನ ಸಹೋದ್ಯೋಗಿ, ಉಡುಪಿಯ ಹರೀಶ್ ಬಂದ. "ಎಂತ ಮಾರಾಯ್ರೆ, ಎರಡು ನಂಬರಾ? ಅದು ಹಂಡೆಯೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಉಂಟು. ಒಂದು ನಂಬರು ನೋಡಿ, ಹಗುರ, ನೀಟು."

"ನಂಗೆ ಮೂರು ನಂಬರು..." ಎಂದು ಅಚ್ಯುತ ಶುರುಮಾಡಿದ. ಅವನ ಮಾತಿಗೆ ಅಲ್ಲಿ ಕಿವಿಯೇ ಇರಲಿಲ್ಲ.

ಇಬ್ಬರೂ ಹಿಂದಿ, ಗುಜರಾತಿ, ಕನ್ನಡ ಮೂರರಲ್ಲೂ ಜಗಳವಾಡಿದರು. ಜಯಾ ಎರಡು ಸಲ ಚಹಾ ಕೊಟ್ಟಳು, ಊಟವನ್ನೂ ಬಡಿಸಿದಳು. ವಾದ ಮಾಡಿ ಸುಸ್ತಾದ ನಿತಿನ್‌ಭಾಯ್ ಹಿಂದೆ ನೋಡದೆ ಸೋಫಾದ ಮೇಲೆ ಕುಕ್ಕರಿಸಿದರು. ಒಂದು ನಂಬರು ಅಲ್ಲೇ ಇತ್ತು. ಎದ್ದಾಗ ಅದು ಮತ್ತೆ ಡ್ರಾಯಿಂಗ್ ಶೀಟಾಗಿತ್ತು. ಆ ನಾಚಿಕೆಗೆ ಅವರು ಎರಡು ನಂಬರನ್ನು "ಸೊಸೈಟಿಯ ಕೆಲಸಕ್ಕೆ" ಎಂದು ಬಗಲಲ್ಲಿ ಇಟ್ಟುಕೊಂಡು ಹೊರಟೇಹೋದರು. ಅಚ್ಯುತ ಬೇಡ ಎನ್ನಬೇಕೆಂದುಕೊಂಡ. ಬಾಯಿಂದ ಬಂದದ್ದು "ತಗೊಂಡು ಹೋಗಿ, ಪರವಾಗಿಲ್ಲ" ಎಂದು.

ಆಗ ಮೂರೂವರೆ. ಅಮ್ಮನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಮೂರು ನಂಬರನ್ನು ಅವರ ಕಡೆಗೆ ತಿರುಗಿಸಿ ಅಚ್ಯುತ ಮೆಸೇಜು ಹಾಕಿದ.

"ಹೇಗಿದೆ ಅಮ್ಮ?" ಎಂದು ಅಚ್ಯುತ ಕೈಸನ್ನೆ ಮಾಡಿದ.

"ಚೆನ್ನಾಗಿದೆ," ಎಂದರು ಸರಸ್ವತಮ್ಮ.

ಅಚ್ಯುತನ ಕಣ್ಣು ತುಂಬಿ ಬಂತು. ಹರೀಶ್ ಅವನ ಕಿವಿಯಲ್ಲಿ ಹೇಳಿದ, "ಒಮ್ಮೆ ಬಂದ್ ಮಾಡಿಯೂ ಕೇಳಿ ಮಾರಾಯ್ರೆ. ಟೆಸ್ಟಿಂಗ್ ಅಂದ್ರೆ ಟೆಸ್ಟಿಂಗ್."

ಅಚ್ಯುತ ಸದ್ದು ನಿಲ್ಲಿಸಿ ಮತ್ತೆ ಸನ್ನೆ ಮಾಡಿದ. "ಇದು ಹೇಗಿದೆ?"

"ಇದು ಇನ್ನೂ ಚೆನ್ನಾಗಿದೆ ಕಣೋ."

ಹರೀಶ್ ಚಪ್ಪಲಿ ಹುಡುಕಿಕೊಂಡು ಸದ್ದಿಲ್ಲದೆ ಹೊರಟುಹೋದ. ಜಯಾ ಅಡುಗೆಮನೆಗೆ ಸರಿದಳು. ಅಚ್ಯುತ ಫೋನಿನ ವೈರನ್ನೂ ಸ್ಪೀಕರನ್ನೂ ಕಿತ್ತು ಬದಿಗಿಟ್ಟು, ಬರಿಯ ಹಾರ್ನನ್ನು ಮೇಜಿನ ಮೇಲೆ ಬಿಟ್ಟು ಕುಸಿದು ಕೂತ. ತಂಗಿ ಊಟ ಕೇಳಿದ್ದು ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಅಕ್ಕನಿಗೊಬ್ಬಳಿಗೆ ಗೊತ್ತಾಗಿರಲಿಲ್ಲ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಸರಿಯಾಗಿ ನಾಲ್ಕಕ್ಕೆ ಫೋನು ಬೆಳಗಿತು. ಅವನು ಸೋತ ಕೈಯಲ್ಲಿ ಫೋನಿನದೇ ಸ್ಪೀಕರ್ ಬಟನ್ ಒತ್ತಿ ಮೇಜಿನ ಮೇಲಿಟ್ಟ.

ಸರಸ್ವತಮ್ಮ ಮಗನ ಮುಖ ನೋಡಿದರು, ಫೋನಿನಲ್ಲಿ ತಂಗಿಯ ಫೋಟೋ ನೋಡಿದರು, ಹಾರ್ನನ್ನು ನೋಡಿದರು. ವಾರದಿಂದ ಮಗ ಇದಕ್ಕೆ ಗೋಂದು ಹಚ್ಚುತ್ತಿದ್ದುದನ್ನು ಅವರು ಕಂಡಿದ್ದರು. ಏನಕ್ಕೆ ಎಂದು ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳಿಸುತ್ತಿರಲಿಲ್ಲ. ಕಿವಿ ಕೇಳದ ತಾಯಿಗೆ ಮಗ ಮಾಡಿಕೊಟ್ಟದ್ದು ಇನ್ನೇನಕ್ಕೆ ಇದ್ದೀತು? ಅವರು ಅದನ್ನು ಎತ್ತಿ, ಸಣ್ಣ ತುದಿಯನ್ನು ಕಿವಿಗಿಟ್ಟು, ಅರಳಿದ ಬಾಯನ್ನು ಫೋನಿನ ಮೇಲೆ ಬಗ್ಗಿಸಿದರು.

"ಸರಸೂ, ಊಟ ಆಯ್ತೇನೇ?"

ಮುದುಕಿಯ ಮುಖದಲ್ಲಿ ಏನೋ ನಡುಗಿತು. "ಆಯ್ತು ಕಣೇ," ಎಂದರು. "ಹುರುಳಿಕಾಯಿ ಪಲ್ಯ. ಉಪ್ಪು ಜಾಸ್ತಿ. ನಿಂಗೇನಾಯ್ತೇ, ದನಿ ಯಾಕೆ ಹೀಗೆ ಇಳಿದುಹೋಗಿದೆ?"

ಆ ಕಡೆ ಚಿಕ್ಕಮ್ಮ ಅತ್ತರು. ಇವರೂ ಅತ್ತರು. ಮುಂದಿನ ಮುಕ್ಕಾಲು ಗಂಟೆ ಕಾಲು ಜಾರಿದ್ದರಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿಕೊಂಡರು. ಬಾಗಿಲಿಗೆ ಬಂದು ನಿಂತ ಜಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಚ್ಯುತನಿಗೆ ಎದೆ ಹಗುರವಾಯಿತು. ಹಗುರವಾದ ಕೂಡಲೇ ಟೆಸ್ಟಿಂಗ್ ವಿಭಾಗದವನು ಎದ್ದು ಕೂತ. ಹಾರ್ನು ತಿರುವುಮುರುವಾಗಿತ್ತು! ಫೋನು ಮುಗಿದ ಮೇಲೆ ಅಭ್ಯಾಸದಂತೆ, ಗೋಡೆ ನೋಡುತ್ತಾ ಮೆಲ್ಲಗೆ ಗೊಣಗಿದ: "ವಾರವಿಡೀ ಕಷ್ಟಪಟ್ಟು ಮಾಡಿದ್ದು. ಉಲ್ಟಾ ಹಿಡ್ಕೊಂಡು ಕೂತಿದಾಳೆ. ಹೇಳಿದ್ರೆ ಯಾವತ್ತು ತಾನೇ ಕೇಳಿದಾಳೆ?"

ಅಮ್ಮನ ಕಿವಿಗೆ ಹಿಡಿದಿದ್ದ ಉಮ್ಮತ್ತಿ ಹೂವು ನಿಧಾನವಾಗಿ ಅವನ ಕಡೆಗೆ ತಿರುಗಿತು. ಮುಸುವ ಕಚ್ಚಿದ ಅಂಚು ಅವನ ಮೂಗಿನ ನೇರಕ್ಕೆ ಬಂದು ನಿಂತಿತು.

"ಮೂರು ವರ್ಷದಿಂದ ನಿನ್ನ ತುಟಿ ಅಲ್ಲಾಡೋದು ನೋಡ್ತಾನೇ ಇದೀನಿ," ಎಂದರು ಸರಸ್ವತಮ್ಮ. "ಏನು ಹೇಳ್ತಾನೋ ಮಗು, ನಂಗೆ ಕೇಳಲ್ವಲ್ಲ ಅಂತ ಎಷ್ಟು ಸಂಕಟಪಟ್ಟಿದೀನಿ ಗೊತ್ತಾ? ಬಾ, ಹತ್ರ ಕೂತ್ಕೋ. ಎಲ್ಲಾ ಮೊದಲಿಂದ ಹೇಳು."

ಜಯಾ ಅಡುಗೆಮನೆಯಿಂದ ಕುರ್ಚಿ ತಂದು ತಾನೂ ಕೂತಳು. ಅಚ್ಯುತನ ಮೂರು ವರ್ಷದ ಗೊಣಗಾಟವೆಲ್ಲ ಗಂಟಲಿಗೆ ಬಂದು ಒಂದರ ಹಿಂದೊಂದು ನಿಂತಿತು.

"ಏನಿಲ್ಲಮ್ಮ," ಎಂದ, ಆದಷ್ಟೂ ಮೆಲ್ಲಗೆ.

"ಅದು ಕೇಳಿಸ್ತು. ಮುಂದೆ ಹೇಳು," ಎಂದರು ಸರಸ್ವತಮ್ಮ.