ಐದನೆಯ ಸೀಟಿನ ವಿಚಾರವಾಗಿ ಸ್ಟರ್ಜನ್ಸ್ ತಂಡಕ್ಕೆ

ಪೋರ್ಟ್ ಆರ್ಡೆನ್ ಸ್ಟರ್ಜನ್ಸ್ ಬೇಸ್‌ಬಾಲ್ ತಂಡದ ತರಬೇತುದಾರರಾದ ಸನ್ಮಾನ್ಯ ಶ್ರೀ ಕ್ಲೈಡ್ ಬ್ರಾನಿಗನ್ ಅವರಿಗೆ, ಮತ್ತು ಅವರ ಇಪ್ಪತ್ತಾರು ಮಂದಿ ಆಟಗಾರರಿಗೆ,

ಮಾನ್ಯರೇ,

ನನಗೆ ಮದುವೆಯಾಯಿತು. ಇಂದಿಗೆ ಹತ್ತೊಂಬತ್ತು ದಿನ. ಅಂಚೆಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ನನಗೆ ಗೊತ್ತಿರುವ ಎಲ್ಲರಿಗೂ ಈ ಸುದ್ದಿ ಹೇಳಿ ಮುಗಿದಿರುವುದರಿಂದ, ಈಗ ಪತ್ರಿಕೆಯ ಮೂಲಕ ತಮಗೂ ಹೇಳುತ್ತಿದ್ದೇನೆ. ವರನ ಹೆಸರು ಕ್ಯಾಸ್ ವೊಯ್ಚಿಕ್. ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ, ಕಿವಿ ತುಸು ದೊಡ್ಡದು, ನಕ್ಕರೆ ಆ ಕಿವಿಗಳೂ ನಗುತ್ತವೆ. ತಾವು ಅವನನ್ನು ನೋಡಿಯೇ ಇರುತ್ತೀರಿ. ತಮ್ಮ ಕ್ರೀಡಾಂಗಣದಲ್ಲಿ ಮೂರನೆಯ ಬೇಸಿನ ಹಿಂದೆ, ಹನ್ನೊಂದನೆಯ ಸಾಲಿನಲ್ಲಿ, ಎಂಟನೆಯ ಇನ್ನಿಂಗ್ಸಿನ ಹೊತ್ತಿಗೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿರುವವರಲ್ಲಿ ಎಲ್ಲರಿಗಿಂತ ಎತ್ತರದವನು ಅವನೇ.

ದೂರು ಹೇಳುವುದಕ್ಕೆ ಮೊದಲು ತಮ್ಮನ್ನು ಅಭಿನಂದಿಸುವುದು ನನ್ನ ಕರ್ತವ್ಯ. ಸ್ಟರ್ಜನ್ ಎಂಬುದು ನಮ್ಮ ಸರೋವರದ ತಳದಲ್ಲಿ, ಕೆಸರಿನ ಮೇಲೆ ಹೊಟ್ಟೆಯೂರಿ ಮಲಗುವ ಮೀನು. ಈ ವರ್ಷ ತೊಂಬತ್ತೇಳು ಪಂದ್ಯಗಳನ್ನು ಸೋತು, ಏಪ್ರಿಲ್‌ನಿಂದ ಈವರೆಗೆ ಪಟ್ಟಿಯ ತಳ ಬಿಟ್ಟು ಮೇಲೇಳದೆ, ತಾವು ಇಟ್ಟುಕೊಂಡ ಹೆಸರಿಗೆ ತೋರಿದ ನಿಷ್ಠೆಯನ್ನು ಈ ದೇಶದ ಬೇರೆ ಯಾವ ತಂಡವೂ ತೋರಿಲ್ಲ. ತಮ್ಮ ಆಟಗಾರರ ಸೌಜನ್ಯವನ್ನಂತೂ ಎಷ್ಟು ಹೊಗಳಿದರೂ ಸಾಲದು. ಜುಲೈನ ಒಂದು ಮಧ್ಯಾಹ್ನ ಮೂವರು ಒಂದೇ ಚೆಂಡಿನ ಕೆಳಗೆ ಸೇರಿ, ನೀವು ಹಿಡಿಯಿರಿ, ಇಲ್ಲ ನೀವು ಹಿಡಿಯಿರಿ ಎಂದು ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಕೊನೆಗೆ ಅದನ್ನು ಹುಲ್ಲಿಗೇ ಅರ್ಪಿಸಿದ ದೃಶ್ಯ ನೋಡಿದಾಗ, ನಾನೂ ಕ್ಯಾಸನೂ ಸಂಸಾರದಲ್ಲಿ ಹೀಗೆಯೇ ಇರಬೇಕೆಂದು ನನಗೆ ಅನ್ನಿಸಿತು.

ಮದುವೆಯ ತಾರೀಖಿನಲ್ಲೂ ತಮ್ಮ ಪಾಲಿದೆ. ಪೋರ್ಟ್ ಆರ್ಡೆನ್‌ನಲ್ಲಿ ಅಕ್ಟೋಬರ್ ತಿಂಗಳಿಗೆ ಒಂದೇ ಒಂದು ಮದುವೆ ಮಂಟಪ ಸಿಗುವುದಿಲ್ಲ, ಎರಡು ವರ್ಷ ಮುಂಚೆಯೇ ಎಲ್ಲ ಕಾದಿರಿಸಿಬಿಟ್ಟಿರುತ್ತಾರೆ. ಬೇರೆ ಊರುಗಳಲ್ಲಿ ಅಕ್ಟೋಬರ್ ಎಂದರೆ ಗೆದ್ದ ತಂಡಗಳು ಪ್ರಶಸ್ತಿಗಾಗಿ ಆಡುವ ತಿಂಗಳು. ನಮ್ಮ ಊರಿನಲ್ಲಿ ಅದು, ಪಂದ್ಯ ತಪ್ಪುತ್ತದೆಂಬ ಭಯವಿಲ್ಲದೆ ಮದುವೆಯಾಗಬಹುದಾದ ತಿಂಗಳು. ಇಷ್ಟೊಂದು ಜನ ಇಷ್ಟು ನಂಬಿಕೆಯಿಂದ ಮುಂಗಡ ಕೊಡುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಮಗೆ ಮಂಟಪ ಸಿಗದೆ ಸೆಪ್ಟೆಂಬರ್ ಏಳಕ್ಕೇ ಆಗಬೇಕಾಯಿತು. ಪಾದ್ರಿಗಳು "ಈಕೆಯನ್ನು ಸ್ವೀಕರಿಸುವೆಯಾ?" ಎಂದು ಕೇಳಿದಾಗ ಕ್ಯಾಸ್ ಎಂಟು ಸೆಕೆಂಡು ಸುಮ್ಮನಿದ್ದ. ಅವನ ಕಿವಿಯಲ್ಲಿ ರೇಡಿಯೋ ಇತ್ತು, ಮೂರೂ ಬೇಸುಗಳಲ್ಲಿ ತಮ್ಮವರು ನಿಂತಿದ್ದರು, ಬ್ಯಾಟು ಹಿಡಿದವರು, ಮಿಕ್ಕ ಹೊತ್ತಿನಲ್ಲಿ ಎರಡನೆಯ ಮೂರನೆಯ ಬೇಸುಗಳ ನಡುವೆ ನಿಂತು ಚೆಂಡು ಹಿಡಿಯಬೇಕಾದ ತಮ್ಮ ಶಾರ್ಟ್‌ಸ್ಟಾಪ್ ಶ್ರೀ ಡೆಂಟನ್ ಪ್ರಾಯರ್. ಅವರು ಔಟಾದರು, ಕ್ಯಾಸ್ "ಸ್ವೀಕರಿಸುತ್ತೇನೆ" ಎಂದ. ಆ ದನಿಯಲ್ಲಿದ್ದ ದುಃಖ ನನ್ನ ಕುರಿತಾದದ್ದಲ್ಲವೆಂದು ನನ್ನ ಅಮ್ಮನಿಗೆ ಮನವರಿಕೆ ಮಾಡಿಕೊಡುತ್ತಲೇ ಇದ್ದೇನೆ.

ಈಗ ದೂರಿಗೆ ಬರುತ್ತೇನೆ. ಹನ್ನೊಂದನೆಯ ಸಾಲಿನಲ್ಲಿ ವೊಯ್ಚಿಕ್ ಮನೆತನಕ್ಕೆ ಐದು ಸೀಟುಗಳಿವೆ. ಕ್ಯಾಸನ ಅಜ್ಜ ಝಿಗ್ಮಂಟ್, ನನ್ನ ಅತ್ತೆ, ಮಾವ, ಕ್ಯಾಸ್, ಇವರಿಗೆ ನಾಲ್ಕು. ಅಜ್ಜನ ಎಡಗಡೆಯ ಐದನೆಯದು ಅಜ್ಜಿ ಯಾದ್ವಿಗಾ ಅವರದು. ಅವರು ತೀರಿಕೊಂಡು ಮೂರು ವರ್ಷವಾಯಿತು, ಅಜ್ಜ ಅದರ ಮೇಲೆ ತಮ್ಮ ಕೋಟು ಇಡುತ್ತಾರೆ. ನಾನು ಆ ಮನೆಗೆ ಸೇರಿದವಳೆಂದು ಅಂಚೆಯವನಿಗೆ ಗೊತ್ತು, ಸರ್ಕಾರಕ್ಕೂ ಗೊತ್ತು. ಆದರೆ ಆ ಕೋಟು ಏಳುವವರೆಗೆ ಅದು ಅಜ್ಜನಿಗೆ ಗೊತ್ತಾಗುವುದಿಲ್ಲ.

ಮೇ ತಿಂಗಳಲ್ಲಿ ನಮ್ಮ ನಿಶ್ಚಿತಾರ್ಥವಾದ ಮರುದಿನ ಕ್ಯಾಸ್ ನನ್ನನ್ನು ಮೊದಲ ಸಲ ಪಂದ್ಯಕ್ಕೆ ಕರೆದೊಯ್ದ. ನಾನು ಅಗಲವಾದ ಹಳದಿ ಹುಲ್ಲಿನ ಟೋಪಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ತಾವು ಹದಿನಾಲ್ಕು ರನ್ನುಗಳಿಂದ ಸೋತಿರಿ. ಮರುದಿನವೂ ಹೋದೆ, ಸೋತಿರಿ. ಮೂರನೆಯ ಸಲ ಅಜ್ಜ ಹಿಂದಕ್ಕೆ ತಿರುಗಿ ನನ್ನ ಟೋಪಿಯನ್ನು ಬಹಳ ಹೊತ್ತು ನೋಡಿ, "ಕ್ಯಾಸೂ, ಹುಡುಗಿ ಒಳ್ಳೇವ್ಳು ಕಣೋ. ಆದ್ರೆ ಕಾಲ್ಗುಣ ಹೆಂಗೋ ಏನೋ" ಎಂದರು.

ಮುಂದಿನ ಸಲ ಟೋಪಿ ಬಿಟ್ಟು ಹೋದೆ. ಹಿಂದಿನ ಸಾಲು ಬಿಟ್ಟು ದೂರದ ಬೆಂಚಿನಲ್ಲಿ ಕೂತೆ. ಆಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ, ಕಾರಿನೊಳಗೆ, ಕಿಟಕಿ ಏರಿಸಿಕೊಂಡು, ಕ್ರೀಡಾಂಗಣದ ಕಡೆಗೆ ಬೆನ್ನು ಮಾಡಿ ಕೂತೆ. ಒಟ್ಟು ಹದಿನಾಲ್ಕು ಪಂದ್ಯಗಳಿಗೆ ಹೋದೆ, ಹದಿನಾಲ್ಕನ್ನೂ ತಾವು ಸೋತಿರಿ. ಕೊನೆಗೆ, ಋತುವಿನ ಕೊನೆಯ ಪಂದ್ಯಗಳು ಊರಿನಲ್ಲೇ ನಡೆಯಲಿವೆ ಎಂದಾಗ, ಮದುವೆಯಾಗಿ ಒಂಬತ್ತನೆಯ ದಿನಕ್ಕೆ ಕ್ಯಾಸ್ ಕಣ್ಣಲ್ಲಿ ನೀರು ತಂದುಕೊಂಡು, "ಎರಡೇ ವಾರ, ವಿನ್ನೀ. ರೊಚೆಸ್ಟರ್‌ಗೆ ಹೋಗಿ ನಿಮ್ಮಮ್ಮನ್ನ ನೋಡ್ಕೊಂಡು ಬಾ. ಅಜ್ಜ ಕೇಳ್ಕೊಂಡಿದ್ದಾರೆ, ನಾನಲ್ಲ" ಎಂದ. ಗಂಡನನ್ನು ಬಿಟ್ಟು ತವರಿಗೆ ಬಂದ ಹೆಂಗಸರು ಈ ಬೀದಿಯಲ್ಲಿ ಮೊದಲೂ ಇದ್ದರು. ಆದರೆ ಬೇಸ್‌ಬಾಲ್ ತಂಡವೊಂದರ ಆರೋಗ್ಯದ ದೃಷ್ಟಿಯಿಂದ ಬಂದವಳು ನಾನೇ ಮೊದಲು. ಅಮ್ಮ ದಿನಕ್ಕೆರಡು ಸಲ ನನ್ನ ಹಣೆ ಮುಟ್ಟಿ ನೋಡುತ್ತಾಳೆ.

ನಾನು ನಾನೂರು ಕಿಲೋಮೀಟರು ದೂರ ಬಂದ ಮೇಲೆ ತಾವು ಎಂಟು ಪಂದ್ಯ ಆಡಿದ್ದೀರಿ. ಏಳನ್ನು ಸೋತಿದ್ದೀರಿ.

ಮಾನ್ಯರೇ, ಇಲ್ಲಿ ನಾನು ಕದ್ದು ಓದಿದ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹೊರಡುವ ದಿನ ಪೆಟ್ಟಿಗೆ ಹುಡುಕುತ್ತಾ ಅಜ್ಜನ ಕಪಾಟು ತೆರೆದೆ. ಪೆಟ್ಟಿಗೆಯ ಕೆಳಗೆ ಅಜ್ಜನ ಪಂದ್ಯದ ಪುಸ್ತಕಗಳಿದ್ದವು. ಕೂತಲ್ಲೇ ಪ್ರತಿಯೊಂದು ಚೆಂಡನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಅವರದು. ನಲವತ್ತಾರು ವರ್ಷ, ನಲವತ್ತಾರು ಪುಸ್ತಕ. ಈ ವರ್ಷದ್ದರಲ್ಲಿ ಹದಿನಾಲ್ಕು ಸೋಲುಗಳ ಪಕ್ಕದಲ್ಲಿ ಒಂದೊಂದು ಪುಟ್ಟ ಟೋಪಿಯ ಚಿತ್ರವಿತ್ತು, ಹುಲ್ಲಿನ ಹೆಣಿಗೆ ಸಮೇತ, ಬಹಳ ಚೆನ್ನಾಗಿ ಬರೆದಿದ್ದರು. ಮಿಕ್ಕವಕ್ಕೆ ಟೋಪಿ ಇರಲಿಲ್ಲ. ಪುಸ್ತಕ ಹಿಡಿದುಕೊಂಡೇ ಹೋಗಿ, "ಅಜ್ಜ, ಇವೆಲ್ಲ ನಾನಿಲ್ಲದಾಗ ಸೋತದ್ದಲ್ವಾ?" ಎಂದು ಕೇಳಿದೆ. ಅವರು ಕನ್ನಡಕ ತೆಗೆಯದೆ, "ಮನೇಲಿ ರೇಡಿಯೋ ಕೇಳ್ತಿದ್ಯಲ್ಲಮ್ಮ" ಎಂದರು.

ಹಳೆಯ ಪುಸ್ತಕಗಳನ್ನೂ ತಿರುವಿದೆ. ಒಂದು ವರ್ಷ ಪೂರ್ತಿ ಪಕ್ಕದ ಮನೆಯ ನಾಯಿ. ಇನ್ನೊಂದು ವರ್ಷ ಹೊಸ ಪಾದ್ರಿಗಳ ಛತ್ರಿ. ಒಂದು ಬೇಸಿಗೆಯೆಲ್ಲ ಅಡುಗೆಮನೆಯ ಹೊಸ ಪರದೆ. ಇಪ್ಪತ್ತೆಂಟು ವರ್ಷದ ಹಿಂದೆ ರೂಬಾರ್ಬ್ ಪೈ ಎಂಬ ಸಿಹಿ ತಿಂಡಿ, ಒಂಬತ್ತು ಸಲ. ತಮ್ಮ ತಂಡ ನಲವತ್ತಾರು ವರ್ಷಗಳಲ್ಲಿ ಒಂದೇ ಒಂದು ಪಂದ್ಯವನ್ನೂ ತನ್ನ ತಪ್ಪಿನಿಂದ ಸೋತಿಲ್ಲ. ಇದು ತಮಗೆ ತಿಳಿದಿರಲೆಂದೇ ಬರೆಯುತ್ತಿದ್ದೇನೆ. ಶ್ರೀ ಪ್ರಾಯರ್ ಅವರು ಬೀಳಿಸಿದ ಪ್ರತಿಯೊಂದು ಚೆಂಡಿಗೂ ಒಂದು ನಾಯಿಯನ್ನೋ ಪರದೆಯನ್ನೋ ಹೊಸ ಸೊಸೆಯನ್ನೋ ಹೊಣೆ ಮಾಡಿ ತಮ್ಮನ್ನು ನಿರ್ದೋಷಿಗಳನ್ನಾಗಿ ಉಳಿಸಿಕೊಂಡು ಬಂದ ಮನುಷ್ಯ ಹನ್ನೊಂದನೆಯ ಸಾಲಿನಲ್ಲಿ ಕೂತಿದ್ದಾರೆ. ನನಗೆ ನನ್ನ ಗಂಡನ ಮೇಲೆ ವಿಪರೀತ ಪ್ರೀತಿ. ಆದರೂ ನಾನು ಅವನನ್ನು ಇಷ್ಟರಮಟ್ಟಿಗೆ ಪ್ರೀತಿಸುತ್ತಿಲ್ಲವೇನೋ ಎಂದು ಆ ಹೊತ್ತು ಅನುಮಾನವಾಯಿತು.

ರೈಲು ನಿಲ್ದಾಣಕ್ಕೆ ಬಿಡಲು ಬಂದ ಲೂಸಿಲ್ ಅತ್ತೆಯನ್ನು ಪೈ ವಿಚಾರ ಕೇಳಿದೆ. ಅವರು ಕಾರು ನಡೆಸುತ್ತಲೇ ನಕ್ಕು, "ನಂದೇ. ಮದ್ವೆಯಾದ ವರ್ಷ ಪ್ರೀತಿಯಿಂದ ಮಾಡ್ಕೊಂಡು ಹೋಗಿದ್ದೆ. ಒಂಬತ್ತು ಪಂದ್ಯ ಕಾರಲ್ಲಿ ಕೂರಿಸಿದ್ರು ನನ್ನ" ಎಂದರು.

"ಆಮೇಲೆ ಗೆದ್ರಾ ಅತ್ತೆ?"

"ಇವ್ರು ಗೆಲ್ಲೋದಾ? ಹತ್ತನೇ ಪಂದ್ಯಕ್ಕೆ ಹೋಗಿ ಕೂತೆ ಅಷ್ಟೇ. ಎಬ್ಬಿಸಕ್ಕಾಗತ್ತೇನೆ? ಮೊದಲ್ನೇ ಪುಸ್ತಕ ನೋಡಿದ್ಯಾ?"

ನೋಡಿದ್ದೆ. ಅದರ ಪ್ರತಿ ಪುಟದಲ್ಲೂ ಒಂದು ಬಾಚಣಿಗೆ ಇತ್ತು, ಯಾರದೆಂದು ಹೊಳೆದಿರಲಿಲ್ಲ.

"ನಮ್ಮತ್ತೇದು. ಯಾದ್ವಿಗಾ ಅತ್ತೆ ಆ ಬಾಚಣಿಗೆ ಮುಡಿದು ಬಂದ್ರೆ ಸೋಲೇ ಅಂತ ಅಜ್ಜ ಒಂದು ವರ್ಷ ಸಾಧಿಸಿದ್ರಂತೆ. ಈ ಮನೇಲಿ ಆ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಬೀಳ್ದೇ ಯಾರಿಗೂ ಸೀಟು ಸಿಕ್ಕಿಲ್ಲ ಕಣೇ, ಹುಚ್ಚಿ."

ಆದ್ದರಿಂದ ಮಾನ್ಯರೇ, ಮೊದಲು ಬರೆಯಬೇಕೆಂದಿದ್ದ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ಎದುರಾಳಿಗಳ ಬ್ಯಾಟುಗಳನ್ನು ಬಚ್ಚಿಡಿ ಎಂದಾಗಲೀ, ಶ್ರೀ ಪ್ರಾಯರ್ ಅವರ ಕೈಗವಸಿಗೆ ಅಂಟು ಸವರಿ ಎಂದಾಗಲೀ ಕೇಳುವುದಿಲ್ಲ. ಭಾನುವಾರ ಋತುವಿನ ಕೊನೆಯ ಪಂದ್ಯ. ತಾವು ಗೆದ್ದರೆ ಅಜ್ಜನೇ ಕೋಟು ಎತ್ತುತ್ತಾರೆ, ನನ್ನ ಕೆಲಸ ಹಗುರವಾಗುತ್ತದೆ, ತಮಗೆ ಚಿರಋಣಿಯಾಗಿರುತ್ತೇನೆ. ಸೋತರೆ ಕೋಟನ್ನು ನಾನೇ ಎತ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ಹಳದಿ ಟೋಪಿ ಹಾಕಿಕೊಂಡು, ಅಜ್ಜನ ಪಕ್ಕದಲ್ಲಿ ಕೂತಿರುತ್ತೇನೆ, ಮತ್ತು ಹದಿನೈದನೆಯ ಟೋಪಿ ಬರೆಯಲು ಅವರ ಪೆನ್ಸಿಲನ್ನು ನಾನೇ ಚೂಪು ಮಾಡಿ ಕೊಡುತ್ತೇನೆ. ಸೋಲು ಗೆಲುವು ತಮಗೆ ಬಿಟ್ಟದ್ದು. ಸೀಟು ನನ್ನದು.

ತಮ್ಮ ಎಲ್ಲ ಸೋಲುಗಳಿಗೂ ಕಾರಣಳಾದರೂ
ತಮ್ಮ ವಿಶ್ವಾಸಿ,
ವಿನೀಫ್ರೆಡ್ ವೊಯ್ಚಿಕ್
(ಈ ಹೆಸರು ಬರೆಯುವುದು ಇದು ನಾಲ್ಕನೆಯ ಸಲ, ಇನ್ನೂ ಬೇಸರ ಬಂದಿಲ್ಲ)

ತಾ.ಕ.: ಸಂಪಾದಕರು ದಯವಿಟ್ಟು ಇದನ್ನು ಆಟದ ಪುಟದಲ್ಲೇ ಹಾಕಬೇಕು, ಅಜ್ಜ ಬೇರೆ ಪುಟ ಓದುವುದಿಲ್ಲ. ನನ್ನನ್ನು ಎದುರುಗೊಳ್ಳಲು ಕ್ಯಾಸ್ ಬರುತ್ತಾನೆ. ಸೌಜನ್ಯಕ್ಕೆಂದು ತಂಡದಿಂದಲೂ ಯಾರನ್ನಾದರೂ ಕಳುಹಿಸುವುದಾದರೆ ಶ್ರೀ ಪ್ರಾಯರ್ ಅವರನ್ನು ಮಾತ್ರ ಕಳುಹಿಸಬೇಡಿ. ನನ್ನ ಚೀಲದಲ್ಲಿ ಅಜ್ಜನಿಗೆಂದು ಅಮ್ಮ ಕೊಟ್ಟ ಬೀಟ್‌ರೂಟ್ ಉಪ್ಪಿನಕಾಯಿಯ ಗಾಜಿನ ಜಾಡಿ ಇರುತ್ತದೆ. ಭಾನುವಾರ, ರೊಚೆಸ್ಟರ್ ಕಡೆಯಿಂದ ಬರುವ ಬೆಳಗಿನ ಹತ್ತೂ ಇಪ್ಪತ್ತರ ರೈಲು.